ಒಂಬತ್ತು ದಿನ ಹೊಯ್ದಾಡಿದ ನೀರು: ಗ್ರೀನ್‌ಲ್ಯಾಂಡ್‌ನ ಡಿಕ್ಸನ್ ಫ್ಯೋರ್ಡ್ ಪ್ರಕರಣ

2023ರ ಸೆಪ್ಟೆಂಬರ್ 16, ಶನಿವಾರ. ನಮ್ಮಲ್ಲಿ ಸಂಜೆ ಆರು ದಾಟಿತ್ತು, ಗಣೇಶನ ಹಬ್ಬದ ಓಡಾಟ ಶುರುವಾಗಿತ್ತು. ಆ ಹೊತ್ತಿಗೆ ಉತ್ತರ ಧ್ರುವದ ಕಡೆಯ ಭೂಕಂಪಮಾಪಕಗಳು ಒಂದು ವಿಚಿತ್ರ ಗೆರೆ ಬರೆಯತೊಡಗಿದವು. ಒಂದು ಗಂಟೆಯೊಳಗೆ ಅದೇ ಗೆರೆ ಅಂಟಾರ್ಕ್ಟಿಕಾದವರೆಗೂ ಮುಟ್ಟಿತು.

ಭೂಕಂಪದ ಗೆರೆ ಹೇಗಿರುತ್ತದೆ ಎಂದು ಪತ್ರಿಕೆಯಲ್ಲಿ ನೋಡಿರುತ್ತೀರಿ. ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗೆ. ವೇಗದ ಕಂಪನ, ನಿಧಾನದ ಕಂಪನ ಎಲ್ಲ ಕಲಸಿಕೊಂಡು ಬರುತ್ತವೆ, ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತವೆ. ಇದು ಹಾಗಿರಲಿಲ್ಲ. ನುಣ್ಣನೆಯ ಒಂದೇ ಅಲೆ, 92 ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತಿತ್ತು. ಬೇರೆ ಯಾವ ಕಂಪನವೂ ಅದರಲ್ಲಿ ಬೆರೆತಿರಲಿಲ್ಲ. ಮರುದಿನ ನೋಡಿದರೆ ಇನ್ನೂ ನಡೆಯುತ್ತಿದೆ. ಒಂದು ವಾರ ಕಳೆದರೂ ನಿಂತಿಲ್ಲ. ಒಂಬತ್ತು ದಿನ!

ಭೂಕಂಪ ತಜ್ಞರಿಗೆ ಇದು ಯಾವ ಪಟ್ಟಿಗೂ ಸೇರಲಿಲ್ಲ. ಹಾರುವ ತಟ್ಟೆಗಳಿಗೆ ‘ಯುಎಫ್‌ಒ’ ಅನ್ನುವ ಹಾಗೆ, ತಮಾಷೆಗೆ ಇದನ್ನು ‘ಯುಎಸ್‌ಒ’ ಎಂದು ಕರೆದರು. ಗುರುತು ಸಿಗದ ಕಂಪನದ ವಸ್ತು ಎಂದರ್ಥ. ಉತ್ತರ ಹುಡುಕಲು ಸುಮಾರು ಒಂದು ವರ್ಷ ಬೇಕಾಯಿತು. 15 ದೇಶಗಳ 40 ಸಂಸ್ಥೆಗಳ 68 ಮಂದಿ ಕೈಜೋಡಿಸಿದರು. ಅವರ ವರದಿ 2024ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಆಗ ಬಂದ ಸುದ್ದಿಗಳ ತಲೆಬರಹಗಳಲ್ಲಿ ‘ಒಂಬತ್ತು ದಿನ ನಡುಗಿದ ಭೂಮಿ’ ಎಂದಿತ್ತು. ನಡುಗಿದ್ದು ನಿಜ, ಆದರೆ ಭೂಮಿಯ ಮೇಲೆ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ಅಷ್ಟು ನಿಧಾನದ, ಅಷ್ಟು ಸಣ್ಣ ಅಲುಗಾಟವನ್ನು ಯಂತ್ರ ಮಾತ್ರ ಹಿಡಿಯಬಲ್ಲದು. ನನಗೆ ಈ ಪ್ರಕರಣದಲ್ಲಿ ಹಿಡಿಸಿದ್ದು ನಡುಕ ಅಲ್ಲ. ಯಾರೂ ಕಣ್ಣಾರೆ ನೋಡದ ಒಂದು ಘಟನೆಯನ್ನು ಚೂರು ಚೂರಾಗಿ ಹೇಗೆ ಸಾಬೀತು ಮಾಡಿದರು ಅನ್ನುವುದು. ಆ ಕಥೆಯ ಬುಡದಲ್ಲಿ ಒಂದು ಬೆಟ್ಟ ಮತ್ತು ಅದರ ಕಾಲಬುಡದ ಹಿಮನದಿ ಇವೆ.

ಜಾಗ ಎಂಥದ್ದು

ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ನಕ್ಷೆ ತೆರೆದು ನೋಡಿ. ಸುಮಾರು 73 ಡಿಗ್ರಿ ಉತ್ತರದ ಹತ್ತಿರ ಸಮುದ್ರ ಬೆಟ್ಟಗಳ ನಡುವೆ ಬೆರಳು ತೂರಿಸಿದ ಹಾಗೆ ಒಳಗೆ ನುಗ್ಗಿದೆ. ಹಿಮಯುಗಗಳಲ್ಲಿ ಹಿಮನದಿಗಳು ಬಂಡೆ ಕೊರೆದು ಮಾಡಿದ ಆಳವಾದ ಕಂದಕಗಳಿವು. ಹಿಮ ಹಿಂದೆ ಸರಿದ ಮೇಲೆ ಸಮುದ್ರ ತುಂಬಿಕೊಂಡಿತು. ಇವೇ ಫ್ಯೋರ್ಡ್‌ಗಳು. ಕಾಂಗ್ ಆಸ್ಕರ್ ಫ್ಯೋರ್ಡ್ ಎಂಬ ದೊಡ್ಡ ಜಲಮಾರ್ಗದಿಂದ ಕವಲೊಡೆದು, ಅದರಿಂದ ಮತ್ತೆ ಕವಲೊಡೆದು ಒಳಗೆ ಹೋದರೆ ಡಿಕ್ಸನ್ ಫ್ಯೋರ್ಡ್ ಸಿಗುತ್ತದೆ. ತೆರೆದ ಸಮುದ್ರದಿಂದ ಸುಮಾರು 200 ಕಿಲೋಮೀಟರ್ ಒಳಗೆ.

ಇದು ಈಶಾನ್ಯ ಗ್ರೀನ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. ಜಗತ್ತಿನ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ ಅದು, 9,72,000 ಚದರ ಕಿಲೋಮೀಟರ್. ಕರ್ನಾಟಕದಂಥ ಐದು ರಾಜ್ಯಗಳು ಅದರೊಳಗೆ ಹಿಡಿಸುತ್ತವೆ. ಊರು ಅಂತ ಒಂದೂ ಇಲ್ಲ. ಫ್ಯೋರ್ಡಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ ‘ಎಲ್ಲಾ’ ಎಂಬ ದ್ವೀಪ ಇದೆ. ಅಲ್ಲಿ 1931ರಲ್ಲಿ ಭೂವಿಜ್ಞಾನಿ ಲೌಗೆ ಕಾಕ್ ಕಟ್ಟಿಸಿದ ಒಂದು ನೆಲೆ ಇದೆ. ಈಗ ಅದನ್ನು ಡೆನ್ಮಾರ್ಕಿನ ಸಿರಿಯಸ್ ದಳ ಬಳಸುತ್ತದೆ. ನಾಯಿ ಎಳೆಯುವ ಜಾರುಬಂಡಿಯಲ್ಲಿ ಗಸ್ತು ತಿರುಗುವ ಸೈನಿಕರು ಇವರು.

ಡಿಕ್ಸನ್ ಫ್ಯೋರ್ಡ್ 2.7 ಕಿಲೋಮೀಟರ್ ಅಗಲ, 540 ಮೀಟರ್ ಆಳ. ಎರಡೂ ಕಡೆ ಗೋಡೆಯಂತೆ ಎದ್ದ ಬೆಟ್ಟಗಳು. ಪಶ್ಚಿಮದ ತುದಿಯಲ್ಲಿ ಒಂದು ಹಿಮನದಿ ಬಂದು ದಾರಿ ಮುಚ್ಚಿದೆ. ಪೂರ್ವದ ಕಡೆ ಫ್ಯೋರ್ಡ್ ತಟ್ಟನೆ ತಿರುವು ತೆಗೆದುಕೊಳ್ಳುತ್ತದೆ. ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಎರಡು ಗುಂಪು, ಎರಡು ಪ್ರಶ್ನೆ

ಒಂದು ಕಡೆ ಭೂಕಂಪ ತಜ್ಞರು ಆ 92 ಸೆಕೆಂಡಿನ ಗೆರೆ ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದರು. ಗೆರೆಯ ಮೂಲ ಪೂರ್ವ ಗ್ರೀನ್‌ಲ್ಯಾಂಡ್ ಎಂದು ಗೊತ್ತಾಗಿತ್ತು. ಅಲ್ಲಿ ಏನಾಯಿತು ಎಂದು ಗೊತ್ತಿರಲಿಲ್ಲ.

ಇನ್ನೊಂದು ಕಡೆ ಡೆನ್ಮಾರ್ಕಿನ ಅಧಿಕಾರಿಗಳಿಗೆ ಬೇರೆಯೇ ಸುದ್ದಿ ಬಂದಿತ್ತು. ‘ಎಲ್ಲಾ’ ದ್ವೀಪದ ನೆಲೆಗೆ ಸುನಾಮಿ ಬಡಿದಿದೆ. ಸಾಮಾನು ಸರಂಜಾಮು ಹಾಳಾಗಿದೆ, ನಷ್ಟ ಸುಮಾರು 2 ಲಕ್ಷ ಡಾಲರ್. ಅದೃಷ್ಟಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಹತ್ತಿರದ ದಡಗಳಲ್ಲಿ ಹಿಂದಿನ ಕಾಲದ ಬೇಟೆಗಾರರು ಕಟ್ಟಿದ ಹಳೆಯ ಗುಡಿಸಲುಗಳಿದ್ದವು. ಅಷ್ಟು ವರ್ಷ ನಿಂತಿದ್ದವು ಈಗ ಕೊಚ್ಚಿಹೋಗಿದ್ದವು. ಭೂಕಂಪ ಆಗಿಲ್ಲ, ಸುನಾಮಿ ಎಲ್ಲಿಂದ ಬಂತು?

ಈ ಎರಡನೇ ಪ್ರಶ್ನೆ ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್ ಭೂವೈಜ್ಞಾನಿಕ ಸಮೀಕ್ಷೆಯ ಕ್ರಿಸ್ಟಿಯನ್ ಸ್ವೆನ್ನೆವಿಗ್ ಅವರ ಮೇಜಿಗೆ ಬಂತು. ಗ್ರೀನ್‌ಲ್ಯಾಂಡಿನ ಗುಡ್ಡ ಕುಸಿತಗಳ ಬಗ್ಗೆ ಕೆಲಸ ಮಾಡುತ್ತಿದ್ದವರು ಅವರು. ಎರಡು ಗುಂಪುಗಳೂ ಒಂದೇ ಘಟನೆಯ ಎರಡು ತುದಿ ಹಿಡಿದಿವೆ ಅನ್ನುವುದು ಸ್ಪಷ್ಟವಾದ ಮೇಲೆ ಕೆಲಸ ಒಂದಾಯಿತು. ಮೂರು ದಿನಕ್ಕೆ ಡೆನ್ಮಾರ್ಕಿನ ಸೇನೆ ಫ್ಯೋರ್ಡಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದಿತ್ತು. ಅದನ್ನು ಒಂದು ತಿಂಗಳ ಹಿಂದಿನ ಫೋಟೋ ಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಳೆಯ ಫೋಟೋದಲ್ಲಿ ಹಿಮನದಿಯ ಮೇಲೆ ಒಂದು ಶಿಖರ ಇದೆ. ಹೊಸದರಲ್ಲಿ ಶಿಖರ ಇಲ್ಲ. ಕೆಳಗಿನ ಹಿಮದ ಮೇಲೆಲ್ಲ ಕಂದು ದೂಳು ಬಳಿದುಕೊಂಡಿದೆ.

ಬಿದ್ದದ್ದು ಎಷ್ಟು

ಸುಮಾರು 1,200 ಮೀಟರ್ ಎತ್ತರದ ಬೆಟ್ಟದ ನೆತ್ತಿ ಕಳಚಿತ್ತು. ಅದು ನೇರವಾಗಿ ನೀರಿಗೆ ಬೀಳಲಿಲ್ಲ. ಮೊದಲು ಕೆಳಗಿನ ಕೊರಕಲಿನಲ್ಲಿದ್ದ ಹಿಮನದಿಯ ಮೇಲೆ ಅಪ್ಪಳಿಸಿತು, ಹಿಮವನ್ನೂ ಕಿತ್ತುಕೊಂಡು ಕೊರಕಲಿನ ಗುಂಟ ಧಾವಿಸಿ ಫ್ಯೋರ್ಡಿಗೆ ಧುಮುಕಿತು. ಬಂಡೆ, ಹಿಮ ಎರಡೂ ಸೇರಿ 2.5 ಕೋಟಿ ಘನ ಮೀಟರ್‌ಗಿಂತ ಹೆಚ್ಚು. ಅಷ್ಟನ್ನು ಒಂದು ಚೌಕ ಪೆಟ್ಟಿಗೆಗೆ ತುಂಬಿದರೆ ಪೆಟ್ಟಿಗೆಯ ಒಂದೊಂದು ಬದಿಯೂ 290 ಮೀಟರ್ ಆಗುತ್ತದೆ.

ಅಷ್ಟು ಸಾಮಾನು ಒಳಗೆ ಬಂದರೆ ನೀರು ಎಲ್ಲಿಗೆ ಹೋಗಬೇಕು? ಎದುರಿನ ದಡ ಹತ್ತಬೇಕು. ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಚಿಮ್ಮಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತ್ತು. ಕಾರಣ ಬೇರೆ, ಅಲ್ಲಿ ಮಳೆ ಮತ್ತು ಕಡಿದ ಗುಡ್ಡ. ನೀರಿನ ವರ್ತನೆ ಮಾತ್ರ ಅದೇ. ಡಿಕ್ಸನ್ ಫ್ಯೋರ್ಡಿನಲ್ಲಿ ಅಲೆ ದಡದ ಮೇಲೆ 200 ಮೀಟರ್ ಎತ್ತರದವರೆಗೆ ಏರಿತ್ತು. ಫ್ಯೋರ್ಡಿನ ಉದ್ದಕ್ಕೂ ಸುಮಾರು 10 ಕಿಲೋಮೀಟರ್‌ವರೆಗೆ ಸರಾಸರಿ 110 ಮೀಟರ್.

ಸುನಾಮಿ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತು. ಆದರೆ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಗುಡ್ಡ ಕುಸಿತ ಮುಗಿಯುವುದು ನಿಮಿಷಗಳಲ್ಲಿ. ಸುನಾಮಿ ಹಾದುಹೋಗುವುದು ಗಂಟೆಗಳಲ್ಲಿ. ಒಂಬತ್ತು ದಿನ ಸದ್ದು ಮಾಡಿದ್ದು ಯಾವುದು?

92 ಸೆಕೆಂಡಿನ ಲೆಕ್ಕ

ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಹೊತ್ತುಕೊಂಡು ಹೋಗುವಾಗ ಕಾಲು ಎಡವಿದರೆ ನೀರು ಆಚೆ ಅಂಚಿಗೆ ಏರುತ್ತದೆ, ಈಚೆ ಅಂಚಿಗೆ ಏರುತ್ತದೆ. ನೀವು ನಿಂತರೂ ಅದು ನಿಲ್ಲುವುದಿಲ್ಲ, ಅಲ್ವಾ? ಹೊಯ್ದಾಟದ ವೇಗ ಎಡವಿದ ಜೋರಿನ ಮೇಲೆ ನಿಂತಿಲ್ಲ. ಪಾತ್ರೆಯ ಅಗಲ, ನೀರಿನ ಆಳ, ಇವೆರಡರ ಮೇಲೆ ನಿಂತಿದೆ. ಕೆರೆಯಲ್ಲೋ ಕೊಲ್ಲಿಯಲ್ಲೋ ನೀರು ಹೀಗೆ ಹೊಯ್ದಾಡುವುದಕ್ಕೆ ಸೇಶ್ ಎನ್ನುತ್ತಾರೆ.

ಇದಕ್ಕೆ ಸುಲಭದ ಒಂದು ಸೂತ್ರ ಇದೆ, ಮೆರಿಯನ್ ಸೂತ್ರ. ಅಗಲವನ್ನು ಎರಡರಿಂದ ಗುಣಿಸಿ, ಅಲೆಯ ವೇಗದಿಂದ ಭಾಗಿಸಬೇಕು. ಅಲೆಯ ವೇಗ ಅಂದರೆ ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲ. ಡಿಕ್ಸನ್ ಫ್ಯೋರ್ಡಿಗೆ ಹಾಕಿ ನೋಡೋಣ. ಅಗಲ 2,700 ಮೀಟರ್. ಆಳ 540 ಅಂದುಕೊಂಡರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 73 ಮೀಟರ್. ಉತ್ತರ 74 ಸೆಕೆಂಡು. 92 ಬರಲಿಲ್ಲ, ಆದರೆ ತೀರಾ ದೂರವೂ ಇಲ್ಲ. ತಪ್ಪಿದ್ದೆಲ್ಲಿ ಅಂದರೆ ಫ್ಯೋರ್ಡ್ ನೇರ ಗೋಡೆಯ ತೊಟ್ಟಿ ಅಲ್ಲ. ಅದರ ಬದಿಗಳು ಓರೆ. 540 ಅನ್ನುವುದು ನಡುವಿನ ಆಳ, ಸರಾಸರಿ ಅದಕ್ಕಿಂತ ಕಡಿಮೆ. 350 ಮೀಟರ್ ಇಟ್ಟು ಮತ್ತೆ ಲೆಕ್ಕ ಮಾಡಿ, 92 ಸೆಕೆಂಡೇ ಬರುತ್ತದೆ. ಸರಾಸರಿ ಆಳ 350 ಎಂದು ಯಾರೋ ಅಳೆದು ಹೇಳಿದ್ದಲ್ಲ, ಇದು ಬರೀ ಕಾಗದದ ಮೇಲಿನ ಲೆಕ್ಕ. ಆದರೂ ನೀರು ಫ್ಯೋರ್ಡಿನ ಉದ್ದಕ್ಕಲ್ಲ, ಅಡ್ಡಡ್ಡ ಹೊಯ್ದಾಡಿದೆ ಅನ್ನುವ ಊಹೆಗೆ ಇಷ್ಟು ಸಾಕು. ಉದ್ದಕ್ಕೆ ಹೊಯ್ದಾಡಿದ್ದರೆ ಸೆಕೆಂಡುಗಳ ಮಾತೇ ಬರುತ್ತಿರಲಿಲ್ಲ, ನಿಮಿಷಗಳು ಬೇಕಾಗುತ್ತಿದ್ದವು.

ವಿಜ್ಞಾನಿಗಳ ಲೆಕ್ಕ ಸಹಜವಾಗಿಯೇ ಇದಕ್ಕಿಂತ ಗಟ್ಟಿ. ಡೆನ್ಮಾರ್ಕಿನ ನೌಕಾಪಡೆ ಫ್ಯೋರ್ಡಿನ ತಳದ ಅಳತೆ ಕೊಟ್ಟಿತು. ಅದನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಇಡೀ ಘಟನೆಯನ್ನು ಮತ್ತೆ ಆಡಿಸಿದರು. ಮೊದಲ ಅಬ್ಬರ ಇಳಿದು ಕೆಲವೇ ನಿಮಿಷಗಳಲ್ಲಿ ನೀರು ಸುಮಾರು 7 ಮೀಟರ್ ಎತ್ತರದ ಅಡ್ಡ ಹೊಯ್ದಾಟಕ್ಕೆ ಇಳಿಯಿತು ಎಂದು ಅದು ತೋರಿಸಿತು. ಇನ್ನೊಂದು ಸಾಕ್ಷಿ ಭೂಕಂಪಮಾಪಕಗಳಿಂದಲೇ ಬಂತು. ನೆಲವನ್ನು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ತಳ್ಳಿದರೆ, ತಳ್ಳಿದ ದಿಕ್ಕಿನಲ್ಲಿ ಒಂದು ಬಗೆಯ ಅಲೆ ಜಾಸ್ತಿ ಹೋಗುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಇನ್ನೊಂದು ಬಗೆಯದು. ಯಾವ ಕೇಂದ್ರದಲ್ಲಿ ಯಾವುದು ಜೋರಾಗಿತ್ತು ಎಂದು ನೋಡಿ ತಳ್ಳಿದ ದಿಕ್ಕನ್ನು ಹೇಳಬಹುದು. ಅದು ಫ್ಯೋರ್ಡಿಗೆ ಸರಿಯಾಗಿ ಅಡ್ಡಲಾಗಿತ್ತು. ನೀರಿನ ರಾಶಿ ಒಮ್ಮೆ ಉತ್ತರದ ಗೋಡೆಗೆ, ಒಮ್ಮೆ ದಕ್ಷಿಣದ ಗೋಡೆಗೆ ಒರಗುತ್ತಿತ್ತು. ಆ ಒರಗಾಟವೇ ಬಂಡೆಯ ಮೂಲಕ ಜಗತ್ತಿಗೆಲ್ಲ ಹೋದದ್ದು.

ಒಂಬತ್ತು ದಿನ ಯಾಕೆ ನಡೆಯಿತು? ಮೇಲೆ ನೆನಪಿಟ್ಟುಕೊಳ್ಳಿ ಎಂದ ಎರಡು ಸಂಗತಿಗಳು ಇಲ್ಲಿ ಬರುತ್ತವೆ. ಒಂದು ತುದಿ ಹಿಮನದಿಯಿಂದ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ತಿರುವು. ಹೊಯ್ದಾಟದ ಶಕ್ತಿಗೆ ಹೊರಗೆ ಹೋಗಲು ದಾರಿ ಇಲ್ಲ. ನೀರು ಆಳ ಇರುವುದರಿಂದ ತಳದ ತಿಕ್ಕಾಟವೂ ಕಡಿಮೆ. ಒಂಬತ್ತು ದಿನಕ್ಕೆ ಲೆಕ್ಕ ಹಾಕಿದರೆ 8,400ಕ್ಕೂ ಹೆಚ್ಚು ಹೊಯ್ದಾಟಗಳಾಗುತ್ತವೆ.

ಹಡಗಿಗೆ ಕಾಣಲಿಲ್ಲ

ಇಲ್ಲೊಂದು ಮಜಾ ಇದೆ. ಮೂರನೇ ದಿನ ಡೆನ್ಮಾರ್ಕಿನ ಸೇನೆಯ ಹಡಗು ಆ ಫ್ಯೋರ್ಡಿನೊಳಗೇ ಹೋಗಿತ್ತು. ಜಗತ್ತಿನ ಆ ತುದಿಯ ಯಂತ್ರಗಳು ಆಗಲೂ ಆ ನೀರಿನ ಹೊಯ್ದಾಟವನ್ನು ಬರೆಯುತ್ತಿದ್ದವು. ಹಡಗಿನಲ್ಲಿದ್ದವರಿಗೆ ಏನೂ ಕಾಣಲಿಲ್ಲ! ಅವರ ತಪ್ಪೇನಿಲ್ಲ. ಆ ಹೊತ್ತಿಗೆ ಹೊಯ್ದಾಟ ತುಂಬಾ ತಗ್ಗಿತ್ತು. ಇಷ್ಟು ಅಗಲದ ನೀರು ಒಂದೂವರೆ ನಿಮಿಷಕ್ಕೊಮ್ಮೆ ಒಂದಿಷ್ಟು ಏರಿ ಇಳಿದರೆ, ಹಡಗೂ ಅದರ ಜೊತೆಗೇ ಏರಿ ಇಳಿಯುತ್ತದೆ. ಕಣ್ಣಿಗೆ ಹಿಡಿದುಕೊಳ್ಳಲು ಏನಿರುತ್ತದೆ?

ಹಾಗಾಗಿ ವರದಿ ಬಂದ ಮೇಲೂ ಒಂದು ಕೊರತೆ ಇತ್ತು. ಹೊಯ್ದಾಟವನ್ನು ನೋಡಿದವರು ಒಬ್ಬರೂ ಇಲ್ಲ. ಎಲ್ಲ ಲೆಕ್ಕ, ಎಲ್ಲ ಊಹೆ. ಲೆಕ್ಕಗಳಲ್ಲೂ ಒಮ್ಮತ ಇರಲಿಲ್ಲ. ಜರ್ಮನಿಯ ತಂಡವೊಂದು ಬೇರೆಯಾಗಿ ಮಾಡಿದ ಅಧ್ಯಯನದಲ್ಲಿ ಹೊಯ್ದಾಟದ ಎತ್ತರ ಸುಮಾರು 1 ಮೀಟರ್ ಎಂದು ಬಂದಿತ್ತು. ಏಳಕ್ಕೂ ಒಂದಕ್ಕೂ ಸಣ್ಣ ವ್ಯತ್ಯಾಸವೇನಲ್ಲ.

ಆ ಕೊರತೆ ತುಂಬಿದ್ದು ಸ್ವಾಟ್ ಉಪಗ್ರಹ. ಅಮೆರಿಕದ ನಾಸಾ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹಾರಿಸಿದ್ದು. ಹಳೆಯ ಉಪಗ್ರಹಗಳು ನೀರಿನ ಎತ್ತರವನ್ನು ತಮ್ಮ ದಾರಿಯ ಕೆಳಗೆ ಒಂದು ಗೆರೆಯಲ್ಲಷ್ಟೇ ಅಳೆಯುತ್ತಿದ್ದವು. ಕಿರಿದಾದ ಫ್ಯೋರ್ಡಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಸ್ವಾಟ್‌ನಲ್ಲಿ 10 ಮೀಟರ್ ಅಂತರದಲ್ಲಿ ಎರಡು ಆಂಟೆನಾಗಳಿವೆ. ಎರಡಕ್ಕೂ ವಾಪಸ್ ಬರುವ ರೇಡಾರ್ ಅಲೆಗಳ ವ್ಯತ್ಯಾಸ ಹಿಡಿದು, ಅಗಲವಾದ ಒಂದು ಪಟ್ಟಿಯ ನೀರಿನ ಎತ್ತರವನ್ನೆಲ್ಲ ಒಟ್ಟಿಗೆ ಅಳೆಯುತ್ತದೆ.

ಕುಸಿತದ ಮರುದಿನ, ಸೆಪ್ಟೆಂಬರ್ 17ರಂದು, ಅದು ಡಿಕ್ಸನ್ ಫ್ಯೋರ್ಡಿನ ಮೇಲೆ ಹಾದುಹೋಗಿತ್ತು. ಆ ಕ್ಷಣದಲ್ಲಿ ಉತ್ತರದ ದಡದ ನೀರು ದಕ್ಷಿಣದ ದಡಕ್ಕಿಂತ 1.2 ಮೀಟರ್‌ವರೆಗೆ ಮೇಲಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ಮೊನಾಹನ್ ಮತ್ತು ಜೊತೆಗಾರರು ಇಂಥ ಅಳತೆಗಳನ್ನೂ ಭೂಕಂಪಮಾಪಕಗಳ ದಾಖಲೆಯನ್ನೂ ಜೋಡಿಸಿ 2025ರಲ್ಲಿ ಅಧ್ಯಯನ ಪ್ರಕಟಿಸಿದರು. ಅವರ ಪ್ರಕಾರ ಹೊಯ್ದಾಟ ಶುರುವಾದಾಗ ಎತ್ತರ 7.9 ಮೀಟರ್. ಅಂದರೆ ‘ಸೈನ್ಸ್’ ವರದಿಯ ಏಳು ಮೀಟರಿಗೆ ಹತ್ತಿರ. ನನ್ನ ಮಟ್ಟಿಗೆ ಪ್ರಕರಣ ನಿಜವಾಗಿ ಮುಚ್ಚಿದ್ದು 2024ರಲ್ಲಲ್ಲ, ಇಲ್ಲಿ.

ಬೆಟ್ಟ ಯಾಕೆ ಬಿತ್ತು

ಶಿಖರದ ಬುಡದಲ್ಲಿದ್ದ ಹಿಮನದಿ ಕೆಲವು ದಶಕಗಳಲ್ಲಿ ಹತ್ತಾರು ಮೀಟರ್ ತೆಳುವಾಗಿತ್ತು. ಹಿಮ ತುಂಬಿದ್ದಾಗ ಅದು ಬೆಟ್ಟದ ಪಾದಕ್ಕೆ ಒತ್ತು ಕೊಟ್ಟು ನಿಂತಿತ್ತು. ಹಿಮ ಇಳಿದ ಹಾಗೆ ಒತ್ತು ತಪ್ಪಿತು. ಸಂಶೋಧಕರು ಕೊಟ್ಟ ಕಾರಣ ಇದು, ಬಿಸಿಯಾಗುತ್ತಿರುವ ಹವಾಮಾನದ ಜೊತೆಗೆ ಜೋಡಿಸಿಯೇ ಕೊಟ್ಟದ್ದು.

ನಾನು ಇದನ್ನು ಒಪ್ಪುತ್ತೇನೆ, ಒಂದು ಮಾತು ಸೇರಿಸಿ. ಹಿಮನದಿ ಕಾಂಕ್ರೀಟ್ ಗೋಡೆ ಅಲ್ಲ. ಅದು ನಿಧಾನವಾಗಿ ಹರಿಯುವ, ಒತ್ತಿದರೆ ಆಕಾರ ಬದಲಿಸುವ ವಸ್ತು. ಅದೊಂದೇ ಬೆಟ್ಟವನ್ನು ಎತ್ತಿ ಹಿಡಿದಿತ್ತು ಅನ್ನುವುದು ಸ್ವಲ್ಪ ಹೆಚ್ಚಾಯಿತು. ಬಂಡೆಯಲ್ಲಿ ಮೊದಲೇ ಬಿರುಕುಗಳಿರಬೇಕು, ಜಾರುವುದಕ್ಕೆ ಅನುಕೂಲವಾದ ಓರೆ ಇರಬೇಕು. ಇಂಥ ಕಡಿದಾದ ಗೋಡೆಗಳನ್ನು ಕೊರೆದು ಕೊಟ್ಟದ್ದೂ ಅದೇ ಹಿಮ. ಅದು ತೆಳುವಾದರೆ ಯಾವ ಬೆಟ್ಟ, ಯಾವ ದಿನ ಬೀಳುತ್ತದೆ ಎಂದು ಹೇಳಲಾಗದು. ಆದರೆ ಬೀಳಬಹುದಾದ ಬೆಟ್ಟಗಳ ಪಟ್ಟಿ ಉದ್ದವಾಗುತ್ತದೆ. ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಇಂಥ ಕುಸಿತ ಮತ್ತು ಸುನಾಮಿ ದಾಖಲಾದದ್ದು ಇದೇ ಮೊದಲು.

ಪಶ್ಚಿಮ ಗ್ರೀನ್‌ಲ್ಯಾಂಡಿನವರಿಗೆ ಮಾತ್ರ ಇದು ಹೊಸದಲ್ಲ. 2017ರ ಜೂನ್ 17ರ ರಾತ್ರಿ ಕರಾಟ್ ಫ್ಯೋರ್ಡಿನಲ್ಲಿ ಗುಡ್ಡ ಜಾರಿ ಸುನಾಮಿ ಎದ್ದಿತು. ನುಗಾಟ್ಸಿಯಾಕ್ ಎಂಬ ಸಣ್ಣ ಊರಿಗೆ ಬಡಿಯಿತು. ಮನೆಗಳು ಕೊಚ್ಚಿಹೋದವು, ನಾಲ್ಕು ಜನ ಸತ್ತರು. ಅದೇ ಗುಡ್ಡಸಾಲಿನಲ್ಲಿ ಇನ್ನೂ ಜಾರಬಹುದಾದ ಭಾಗಗಳಿವೆ ಎಂದು ಆ ಊರನ್ನೂ ಇಲ್ಲೋರ್ಸುಯಿಟ್ ಎಂಬ ಇನ್ನೊಂದು ಊರನ್ನೂ ಖಾಲಿ ಮಾಡಿಸಿದರು. ಮೀನು ಹಿಡಿದು, ಸೀಲ್ ಬೇಟೆಯಾಡಿ ಬದುಕುತ್ತಿದ್ದವರು ಊರು ಬಿಟ್ಟು ಹೋಗಬೇಕಾಯಿತು. ಡಿಕ್ಸನ್ ಫ್ಯೋರ್ಡಿನ ಸುನಾಮಿ ಇದಕ್ಕಿಂತ ದೊಡ್ಡದು. ಸಾವು ಇಲ್ಲದ್ದಕ್ಕೆ ಒಂದೇ ಕಾರಣ, ಸಾಯಲು ಅಲ್ಲಿ ಯಾರೂ ಇರಲಿಲ್ಲ.

ಪೂರ್ತಿ ಯಾರೂ ಇರುವುದಿಲ್ಲ ಅಂತಲೂ ಅಲ್ಲ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಬಿಟ್ಟುಕೊಟ್ಟಾಗ ಪ್ರವಾಸಿ ಹಡಗುಗಳು ಈ ಫ್ಯೋರ್ಡುಗಳಿಗೆ ಬರುತ್ತವೆ. ಬೆಟ್ಟದ ಗೋಡೆ, ತೇಲುವ ಹಿಮದ ಗಡ್ಡೆ ನೋಡಲು ಜನ ದೋಣಿಯಲ್ಲಿ ದಡಕ್ಕೆ ಇಳಿಯುತ್ತಾರೆ. ಅಂಥ ಒಂದು ದಿನ ಇದು ನಡೆದಿದ್ದರೆ? ಫ್ಯೋರ್ಡಿನೊಳಗೆ ಇದ್ದವರಿಗೆ ಓಡಲು ಸಮಯವೇ ಸಿಗುತ್ತಿರಲಿಲ್ಲ. 70 ಕಿಲೋಮೀಟರ್ ದೂರದ ‘ಎಲ್ಲಾ’ ದ್ವೀಪದಲ್ಲಿ ಇದ್ದವರಿಗೂ ಬಹಳ ಇಲ್ಲ. ದಾರಿಯುದ್ದಕ್ಕೂ ಆಳ 540 ಮೀಟರೇ ಇದೆ ಅಂದುಕೊಂಡರೆ ಅಲೆ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, 16 ನಿಮಿಷಕ್ಕೆ ಮುಟ್ಟುತ್ತದೆ. ನೀರು ಆಳ ಕಡಿಮೆ ಇದ್ದ ಕಡೆ ತಡವಾಗುತ್ತದೆ, ಇನ್ನೊಂದಿಷ್ಟು ನಿಮಿಷ ಸಿಗಬಹುದು. ಅಷ್ಟರಲ್ಲಿ ಕುಸಿತವನ್ನು ಗುರುತಿಸಿ, ಸುನಾಮಿ ಎಂದು ಖಾತ್ರಿ ಮಾಡಿಕೊಂಡು, ಊರೇ ಇಲ್ಲದ ಜಾಗದಲ್ಲಿ ನಿಂತ ದೋಣಿಗೆ ಸುದ್ದಿ ಮುಟ್ಟಿಸಬೇಕು. ಈ ಪ್ರಕರಣದಲ್ಲಿ ಗೆರೆ ನೋಡಿ ಅದೇನು ಎಂದು ಹೇಳಲು ವರ್ಷ ಹಿಡಿದಿತ್ತು.

2023ರ ಅಕ್ಟೋಬರ್ 11ರಂದು ಅದೇ ಫ್ಯೋರ್ಡಿನಲ್ಲಿ ಇನ್ನೊಂದು ಕುಸಿತವಾಯಿತು. ಮೊದಲಿನದಕ್ಕಿಂತ ಸಣ್ಣದು, ಸುನಾಮಿಯೂ ಸಣ್ಣದು. ಭೂಕಂಪಮಾಪಕಗಳಲ್ಲಿ ಮತ್ತೆ ಅದೇ ನುಣ್ಣನೆಯ ಗೆರೆ ಮೂಡಿತು. ಬಿದ್ದ ಬಂಡೆ ಎಷ್ಟೇ ಇರಲಿ, ಫ್ಯೋರ್ಡಿನ ಅಗಲವೂ ಆಳವೂ ಬದಲಾಗಿರಲಿಲ್ಲವಲ್ಲ.